ಹೊತ್ತನ್ನು ತಿದ್ದಬೇಡ

ಮಗು, ಪ್ರಶ್ನೆ ಕೇಳಿದ ಹೊತ್ತಿನ ಕುಂಡಲಿಯಿಂದ ಫಲ ಹೇಳುವ ಪ್ರಶ್ನಶಾಸ್ತ್ರ ಕಲಿಯಲು ನೀನು ಯಾದವಗಿರಿಯ ನಮ್ಮ ಮನೆಗೆ ಬರತೊಡಗಿ ಮೂರು ತಿಂಗಳಾಯಿತು. ಮೊಬೈಲ್ ಒತ್ತಿದರೆ ಲಗ್ನ ಸಿಗುತ್ತದೆ, ಮರುಕ್ಷಣ ನೀನು ಫಲ ಹೇಳಲು ಶುರು ಮಾಡುತ್ತೀಯೆ. ಆ ಕುಂಡಲಿ ಓದಲು ಯೋಗ್ಯವೇ ಎಂದು ನೀನು ಕೇಳಿಕೊಂಡದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ.

ಜನ್ಮಜಾತಕಕ್ಕೆ ಈ ಸಂದೇಹವಿಲ್ಲ, ಮಗು ಹುಟ್ಟಿದ್ದಂತೂ ನಿಜ. ಪ್ರಶ್ನೆ ಹಾಗಲ್ಲ. ಬರೀ ಕುತೂಹಲಕ್ಕೆ ಕೇಳುವವರಿದ್ದಾರೆ, ನಿನ್ನನ್ನು ಪರೀಕ್ಷಿಸಲು ಕೇಳುವವರಿದ್ದಾರೆ, ನಿನ್ನೆ ಇನ್ನೊಬ್ಬರು ಹೇಳಿದ್ದು ರುಚಿಸದೆ ಇವತ್ತು ನಿನ್ನ ಬಾಗಿಲಿಗೆ ಬಂದವರೂ ಇದ್ದಾರೆ. ಅದಕ್ಕೇ ಹಿಂದಿನವರು ಹೊಸ್ತಿಲಲ್ಲೇ ಒಂದು ತಡೆ ಇಟ್ಟರು. 1647ರಲ್ಲಿ ಲಂಡನ್ನಿನ ಜ್ಯೋತಿಷಿ ವಿಲಿಯಂ ಲಿಲ್ಲಿ, ಕೇಳಿದ ಹೊತ್ತಿನ ಹೋರಾಧಿಪತಿಗೂ ಲಗ್ನಾಧಿಪತಿಗೂ ಹೊಂದಿಕೆಯಿದ್ದರೆ ಕುಂಡಲಿ ಗ್ರಾಹ್ಯ ಎಂದು ಬರೆದ. ಎರಡೇ ವರ್ಷದ ಮೇಲೆ ಕೇರಳದಲ್ಲಿ ಹುಟ್ಟಿದ ‘ಪ್ರಶ್ನಮಾರ್ಗ’ವು ಕೇಳುವವನು ನಿಂತ ದಿಕ್ಕು, ಆಡಿದ ಮಾತು, ಮುಟ್ಟಿಕೊಂಡ ಅಂಗ, ಕೊನೆಗೆ ದೈವಜ್ಞನ ಸ್ವಂತ ಉಸಿರನ್ನೂ ಗಮನಿಸು ಎಂದಿತು. ದಾರಿ ಬೇರೆ, ಎಚ್ಚರಿಕೆ ಒಂದೇ.

ಹೋರೆಗಳ ಸರದಿ ನಿನಗೆ ಬಾಯಿಪಾಠ: ರವಿ, ಶುಕ್ರ, ಬುಧ, ಚಂದ್ರ, ಶನಿ, ಗುರು, ಕುಜ. ಭಾನುವಾರದ ಉದಯದಿಂದ ಎಣಿಸಿದರೆ ಇಪ್ಪತ್ತೈದನೆಯದು ಚಂದ್ರನದಾಗುತ್ತದೆ, ಮರುದಿನ ಸೋಮವಾರವಾದದ್ದು ಹಾಗೆ. ಆದರೆ ಹೋರೆಯೆಂದರೆ ಅರವತ್ತು ನಿಮಿಷ ಎಂದುಕೊಂಡಿದ್ದೀಯಲ್ಲ, ಎಡವಟ್ಟು ಅಲ್ಲೇ. ಸೂರ್ಯೋದಯದಿಂದ ಅಸ್ತದವರೆಗಿನ ಹಗಲನ್ನು ಹನ್ನೆರಡು ಪಾಲು ಮಾಡಬೇಕು. ನಮ್ಮ ಮೈಸೂರಿನಲ್ಲಿ ಜೂನ್ ಹಗಲಿನ ಹೋರೆ ಸುಮಾರು 64 ನಿಮಿಷ, ಡಿಸೆಂಬರಿನದು 57.

ಜೂನ್ ಮೂರನೇ ವಾರದ ಒಂದು ಭಾನುವಾರ, ಬೆಳಿಗ್ಗೆ 11.10ಕ್ಕೆ ಯಾರೋ ಬಂದು ಕೇಳಿದರು ಎಂದಿಟ್ಟುಕೋ. ಉದಯ ಸುಮಾರು 5.58, ಲಗ್ನ ಸಿಂಹ, ಅಧಿಪತಿ ರವಿ. ಅರವತ್ತು ನಿಮಿಷದ ಲೆಕ್ಕ ಹಿಡಿದರೆ ಆರನೆಯ ಹೋರೆ, ಗುರುವಿನದು. ಗುರು ರವಿಗೆ ಮಿತ್ರ, ಕುಂಡಲಿ ಪಾಸು! ಪಾಲು ಮಾಡಿ ನೋಡಿದರೆ ಇನ್ನೂ ಐದನೆಯದೇ ನಡೆಯುತ್ತಿದೆ. ಅದು ಶನಿಹೋರೆ, ರವಿಗೆ ಶತ್ರು. ಮನಸ್ಸು ಯಾವ ಕಡೆ ಜಾರುತ್ತದೆ ಹೇಳು? ಎದುರಿಗೆ ಕೂತವರ ಮುಖ ಬಾಡಿದೆ, ತಟ್ಟೆಯಲ್ಲಿ ದಕ್ಷಿಣೆಯಿದೆ.

ನಾನು ಜಾರಿದ್ದೇನೆ. ಮನೆ ಮಾರಲೇ ಎಂದು ಕೇಳಿದವರಿಗೆ ಅನುಕೂಲದ ಲೆಕ್ಕ ಹಿಡಿದು ಮಾರಿ ಎಂದೆ. ಮಾರಿದರು. ಆಮೇಲೆ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆದರು. ಆ ತಪ್ಪನ್ನು ನಾನು ಗ್ರಹಗಳ ಮೇಲೆ ಹಾಕಿಲ್ಲ, ನೀನೂ ಹಾಕಬೇಡ.

ಹಾಗಾಗಿ ಲೆಕ್ಕದ ಕ್ರಮವನ್ನು ಪ್ರಶ್ನೆ ಬರುವ ಮೊದಲೇ ಗೊತ್ತುಮಾಡಿಕೋ. ಪಕ್ಕದ ಒಂಟಿಕೊಪ್ಪಲಿನ ಪಂಚಾಂಗ ಮನೆಯಲ್ಲೇ ಇದೆ, ಆ ದಿನದ ಉದಯಾಸ್ತ ಬೆಳಿಗ್ಗೆಯೇ ಬರೆದಿಡು. ಮಾತು ಮುಗಿದ ಕೂಡಲೇ ಗಡಿಯಾರ ನೋಡಿ ಹೊತ್ತು ಬರೆ, ಲಗ್ನ ಆಮೇಲೆ. ಹೋರೆ ಕೂಡದಿದ್ದರೆ ‘ಇವತ್ತು ನನಗೆ ಕಾಣುತ್ತಿಲ್ಲ’ ಎಂದು ದಕ್ಷಿಣೆ ಹಿಂದಿರುಗಿಸು. ಹೀಗೆ ಹೇಳಲು ಬಾಯಿ ಬರುವುದೇ ಈ ಪರೀಕ್ಷೆಯಿಂದ ನಿನಗೆ ಸಿಗುವ ದೊಡ್ಡ ಲಾಭ. ಇನ್ನು ಕಾಯಿಲೆಯೆಂದು ಬಂದವರಿಗೆ ಹೋರೆ ನೋಡುತ್ತಾ ಕೂರಬೇಡ, ಮೊದಲು ಆಸ್ಪತ್ರೆಗೆ ಕಳಿಸು.

ನಾಳೆ ಬರುವಾಗ ಗೆರೆ ಹಾಕಿದ ಒಂದು ನೋಟ್‌ಬುಕ್ ತಾ. ಪೆನ್ಸಿಲ್ ಬೇಡ, ಪೆನ್ನಿನಲ್ಲೇ ಬರೆ.