ಎಚ್.ಐ.ವಿ. ರಕ್ತಪರೀಕ್ಷೆ: ಕ್ಷೇಮವೂ ಗೌರವವೂ

1986ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಮದರಾಸಿನ ವೈದ್ಯವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ರಕ್ತದ ಮಾದರಿಗಳನ್ನಿಟ್ಟುಕೊಂಡು ರಾತ್ರಿಯ ರೈಲಿನಲ್ಲಿ ವೆಲ್ಲೂರಿನ ಕಡೆಗೆ ಹೊರಟರು. ಎಚ್.ಐ.ವಿ. ಪರೀಕ್ಷೆಯ ಅನುಕೂಲ ಆಗ ಮದರಾಸಿನಲ್ಲಿರಲಿಲ್ಲ. ಅವರ ಮಾರ್ಗದರ್ಶಕರು ಡಾ. ಸುನೀತಿ ಸಾಲೊಮನ್. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಆ ಮಾದರಿಗಳ ಪೈಕಿ ಆರು ಹಳದಿ ಬಣ್ಣಕ್ಕೆ ತಿರುಗಿದುವು. ಆ ಆರು ಮಂದಿ ಸ್ತ್ರೀಯರ ರಕ್ತವನ್ನು ಮತ್ತೊಮ್ಮೆ ತೆಗೆದು ಅಮೆರಿಕಕ್ಕೆ ಕಳುಹಿಸಿ, ಬೇರೊಂದು ವಿಧಾನದಿಂದ ಫಲಿತಾಂಶವನ್ನು ಖಚಿತಪಡಿಸಿಕೊಂಡರು. ಭಾರತದಲ್ಲಿ ಎಚ್.ಐ.ವಿ. ಇರುವುದು ಗೊತ್ತಾದುದು ಹೀಗೆ.

ಇದು ಧೈರ್ಯದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರಲ್ಲಿ ಎರಡು ಕೊರತೆಗಳಿದ್ದುವು. ರಕ್ತ ತೆಗೆದವರ ಕೈಗೆ ಕೈಗವಸಿರಲಿಲ್ಲ. ರಕ್ತ ಕೊಟ್ಟ ಸ್ತ್ರೀಯರಿಗೆ ಯಾವ ರೋಗವನ್ನು ಹುಡುಕುತ್ತಿರುವರೆಂಬುದನ್ನು ತಿಳಿಸಿರಲಿಲ್ಲ. ಒಂದು ಕ್ಷೇಮದ ಪ್ರಶ್ನೆ, ಇನ್ನೊಂದು ಗೌರವದ ಪ್ರಶ್ನೆ. ಇವೆರಡೂ ಪರಸ್ಪರ ವಿರೋಧಿಗಳೆಂದು ಹಲವರ ಭಾವನೆ. ಅದು ಸರಿಯೆ? ಪರಿಶೀಲಿಸೋಣ.

ಪರೀಕ್ಷೆ ಹುಡುಕುವುದೇನು?

ವೈರಸ್ ದೇಹವನ್ನು ಹೊಕ್ಕಾಗ ರಕ್ತದಲ್ಲಿ ಅದಕ್ಕೆ ಎದುರಾಗಿ ಪ್ರತಿಕಾಯಗಳು ಹುಟ್ಟುತ್ತವೆ. ಸಾಮಾನ್ಯ ಪರೀಕ್ಷೆಯು ಹುಡುಕುವುದು ಈ ಪ್ರತಿಕಾಯಗಳನ್ನು. ಪಟ್ಟಿಯ ಮೇಲೆ ವೈರಸಿನ ಪ್ರೋಟೀನನ್ನು ಅಂಟಿಸಿರುತ್ತಾರೆ. ರಕ್ತದಲ್ಲಿ ತಕ್ಕ ಪ್ರತಿಕಾಯವಿದ್ದರೆ ಅದು ಅಲ್ಲಿ ಹಿಡಿದುಕೊಂಡು, ಬಣ್ಣದ ಗೆರೆ ಮೂಡುತ್ತದೆ. ಪ್ರತಿಕಾಯಗಳು ಅಳತೆಗೆ ಸಿಗುವಷ್ಟು ಬೆಳೆಯಲು ಕೆಲವು ವಾರಗಳು, ಕೆಲವೊಮ್ಮೆ ಮೂರು ತಿಂಗಳವರೆಗೆ ಬೇಕು. ಇದನ್ನು ‘ಗವಾಕ್ಷಿ ಅವಧಿ’ ಎನ್ನುವರು. ಈ ಅವಧಿಯಲ್ಲಿ ಸೋಂಕಿದ್ದರೂ ಗೆರೆ ಮೂಡದಿರಬಹುದು. ಆದುದರಿಂದ ಇತ್ತೀಚೆಗೆ ಸೋಂಕು ತಗಲಿರಬಹುದೆಂಬ ಶಂಕೆಯುಳ್ಳವರು ಪುನಃ ಪರೀಕ್ಷಿಸಿಕೊಳ್ಳಬೇಕು.

ಒಂದೇ ಗೆರೆ ಸಾಲದು

ಯಾವ ಅಳತೆಯೂ ದೋಷದಿಂದ ಪೂರ್ಣವಾಗಿ ಮುಕ್ತವಲ್ಲ. ಒಂದು ಲಕ್ಷ ಜನರಲ್ಲಿ 200 ಮಂದಿಗೆ ಸೋಂಕಿದೆಯೆಂದೂ, ಪರೀಕ್ಷೆಯು ಅವರೆಲ್ಲರನ್ನೂ ಗುರುತಿಸುವುದೆಂದೂ, ಸೋಂಕಿಲ್ಲದ ನೂರು ಜನರಲ್ಲಿ ಒಬ್ಬರಿಗೆ ಮಾತ್ರ ತಪ್ಪಾಗಿ ಗೆರೆ ತೋರಿಸುವುದೆಂದೂ ಕಲ್ಪಿಸೋಣ. ಸೋಂಕಿಲ್ಲದವರು 99,800, ಅವರಲ್ಲಿ ತಪ್ಪು ಗೆರೆ 998 ಮಂದಿಗೆ. ಒಟ್ಟು ಗೆರೆ ಕಂಡವರು 1,198. ನಿಜವಾಗಿ ಸೋಂಕುಳ್ಳವರು 200. ಎಂದರೆ ಗೆರೆ ಕಂಡ ಆರು ಜನರಲ್ಲಿ ಐವರು ಸೋಂಕಿಲ್ಲದವರೇ! ನೂರಕ್ಕೆ ತೊಂಬತ್ತೊಂಬತ್ತು ಪಾಲು ಸರಿಯಾದ ಪರೀಕ್ಷೆಯನ್ನೂ ಒಂದೇ ಸಲಕ್ಕೆ ನಂಬಿದರೆ ಇಂತಹ ಅನ್ಯಾಯವಾಗುವುದು.

ಈ 1,198 ಮಂದಿಗೆ ಎರಡನೆಯ ಪರೀಕ್ಷೆ ಮಾಡಿದರೆ ತಪ್ಪು ಗೆರೆಗಳು ಸುಮಾರು ಹತ್ತಕ್ಕೆ ಇಳಿಯುತ್ತವೆ. ಮೂರನೆಯದರಿಂದ ಬಹುಮಟ್ಟಿಗೆ ಮಾಯವಾಗುತ್ತವೆ. ಆದರೆ ಇಲ್ಲೊಂದು ಷರತ್ತುಂಟು. ಕೆಟ್ಟ ತಕ್ಕಡಿಯಲ್ಲಿ ಮೂರು ಸಲ ತೂಗಿದರೂ ತೂಕ ಸರಿಯಾಗದು; ಮೂರು ಬೇರೆ ತಕ್ಕಡಿಗಳು ಬೇಕು. ಆದುದರಿಂದಲೇ ನಮ್ಮ ದೇಶದ ಪದ್ಧತಿಯಲ್ಲಿ ‘ಸೋಂಕಿದೆ’ ಎಂದು ನಿರ್ಣಯಿಸುವ ಮುನ್ನ ಬೇರೆಬೇರೆ ಪ್ರೋಟೀನು ಅಥವಾ ಬೇರೆಬೇರೆ ತತ್ತ್ವವುಳ್ಳ ಮೂರು ಪರೀಕ್ಷೆಗಳನ್ನು ಮಾಡುತ್ತಾರೆ. ಮೊದಲನೆಯ ಗೆರೆಯನ್ನು ಕಂಡೊಡನೆಯೇ ಆ ವ್ಯಕ್ತಿಯ ವಿಷಯವಾಗಿ ಮಾತನಾಡತೊಡಗುವುದು ಅವಿವೇಕ ಮಾತ್ರವಲ್ಲ, ಗಣಿತದ ದೃಷ್ಟಿಯಿಂದಲೂ ತಪ್ಪು.

ಸೂಜಿಯ ಎಚ್ಚರಿಕೆ

ಪರೀಕ್ಷೆಗೆ ರಕ್ತ ಕೊಟ್ಟರೆ ರೋಗ ಬಂದೀತೆಂಬ ಭಯ ಕೆಲವರಿಗುಂಟು. ಒಮ್ಮೆ ಮಾತ್ರ ಬಳಸುವ ಹೊಸ ಸೂಜಿಯನ್ನು ನಮ್ಮೆದುರಿಗೇ ಹೊದಿಕೆ ಬಿಚ್ಚಿ ತೆಗೆದಾಗ ಆ ಭಯಕ್ಕೆ ಕಾರಣವಿಲ್ಲ. ಅದನ್ನು ನೋಡಲು ಕೇಳುವುದು ನಮ್ಮ ಹಕ್ಕು.

ಸಿಬ್ಬಂದಿಯ ಕ್ಷೇಮವೂ ಅಷ್ಟೇ ಮುಖ್ಯ. ಸೋಂಕುಳ್ಳ ರಕ್ತದ ಸೂಜಿ ಚುಚ್ಚಿಕೊಂಡರೆ ಎಚ್.ಐ.ವಿ. ತಗಲುವ ಸಂಭವ ಸಾವಿರಕ್ಕೆ ಸುಮಾರು ಮೂರು. ಕಡಮೆಯಾದರೂ ಅಲಕ್ಷಿಸತಕ್ಕದ್ದಲ್ಲ. ಕೈಗವಸು ತೊಡಬೇಕು; ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕದೆ ಗಟ್ಟಿಯಾದ ಡಬ್ಬಿಗೆ ಹಾಕಬೇಕು. ಚುಚ್ಚಿಕೊಂಡಲ್ಲಿ ಗಾಯವನ್ನು ಹಿಂಡದೆ ಸಾಬೂನು ನೀರಿನಿಂದ ತೊಳೆದು, ಕೂಡಲೆ, ತಡವೆಂದರೂ 72 ಗಂಟೆಗಳೊಳಗೆ, ಔಷಧ ಆರಂಭಿಸಿ 28 ದಿನ ಸೇವಿಸಬೇಕು.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಗಮನಿಸಬೇಕು. ಈ ಎಚ್ಚರಿಕೆಯನ್ನು ಎಲ್ಲರ ರಕ್ತದ ವಿಷಯದಲ್ಲಿಯೂ ವಹಿಸತಕ್ಕದ್ದು. ಗವಾಕ್ಷಿ ಅವಧಿಯಲ್ಲಿರುವವರನ್ನು ಯಾವ ಚೀಟಿಯೂ ಗುರುತಿಸಲಾರದು. ಹೆಪಟೈಟಿಸ್ ಬಿ ವೈರಸಾದರೋ ಸೂಜಿಯ ಮೂಲಕ ಎಚ್.ಐ.ವಿ.ಗಿಂತ ಬಹಳ ಸುಲಭವಾಗಿ ಹರಡುವುದು. ಎಲ್ಲರನ್ನೂ ಸಮನಾಗಿ ಕಾಣುವುದೇ ಕ್ಷೇಮದ ಮಾರ್ಗವಾದ ಮೇಲೆ, ಒಬ್ಬರ ಹಾಸಿಗೆಗೆ ಕೆಂಪು ಚೀಟಿ ಅಂಟಿಸುವುದರಿಂದ ಯಾರಿಗೂ ರಕ್ಷಣೆಯಿಲ್ಲ. ಒಬ್ಬರಿಗೆ ಅವಮಾನ ಮಾತ್ರ.

ಕಾನೂನಿನ ಮಾತು

2017ರಲ್ಲಿ ಸಂಸತ್ತು ಅಂಗೀಕರಿಸಿ, 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯು ಇದನ್ನೇ ಹೇಳುತ್ತದೆ. ರಕ್ತನಿಧಿಯ ತಪಾಸಣೆ, ನ್ಯಾಯಾಲಯದ ಆಜ್ಞೆ ಮುಂತಾದ ಕೆಲವು ಸಂದರ್ಭಗಳನ್ನು ಬಿಟ್ಟರೆ, ವಿಷಯವನ್ನು ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡಕೂಡದು. ಪರೀಕ್ಷೆಗೆ ಮುಂಚೆಯೂ ಅನಂತರವೂ ಆಪ್ತಸಲಹೆ ನೀಡಬೇಕು. ಫಲಿತಾಂಶವು ಗುಟ್ಟಾಗಿರಬೇಕು. ಸೋಂಕಿನ ಕಾರಣದಿಂದ ಚಿಕಿತ್ಸೆ, ಶಿಕ್ಷಣ, ಉದ್ಯೋಗಗಳಲ್ಲಿ ಭೇದವೆಣಿಸಕೂಡದು. ಸಿಬ್ಬಂದಿಗೆ ರಕ್ಷಣೆಯ ಸಾಧನಗಳನ್ನೂ ತರಬೇತಿಯನ್ನೂ ಒದಗಿಸುವುದು ಸಂಸ್ಥೆಯ ಹೊಣೆ. 1986ರ ಎರಡು ಕೊರತೆಗಳಿಗೂ ಒಂದೇ ಕಾಯಿದೆಯಲ್ಲಿ ಉತ್ತರ ದೊರೆತಿರುವುದನ್ನು ವಾಚಕರು ಗಮನಿಸಬಹುದು.

ಇಂದು ಸೋಂಕು ಖಚಿತವಾದವರಿಗೆಲ್ಲ ಸರ್ಕಾರದ ಕೇಂದ್ರಗಳಲ್ಲಿ ಔಷಧ ಉಚಿತವಾಗಿ ಸಿಗುತ್ತದೆ. ತಪ್ಪದೆ ಸೇವಿಸಿದವರು ದೀರ್ಘಕಾಲ ಬಾಳಬಲ್ಲರು. ರಕ್ತದಲ್ಲಿ ವೈರಸ್ ಅಳತೆಗೆ ಸಿಗದಷ್ಟು ಕಡಮೆಯಾಗಿ ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇತರರಿಗೆ ಹರಡುವುದೂ ಇಲ್ಲ. ಆದರೆ ಇದಕ್ಕೆಲ್ಲ ಮೊದಲ ಮೆಟ್ಟಿಲು ಪರೀಕ್ಷೆ. ಅವಮಾನದ ಭಯವಿರುವಲ್ಲಿ ಆ ಮೆಟ್ಟಿಲನ್ನು ಯಾರೂ ತುಳಿಯರು. ಸಂದೇಹವುಳ್ಳವರು 1097 ಎಂಬ ಉಚಿತ ದೂರವಾಣಿ ಸಂಖ್ಯೆಯಲ್ಲಿ ವಿಚಾರಿಸಬಹುದು.

ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ವೈದ್ಯರೂ ದಾದಿಯರೂ ಪ್ರಯೋಗಶಾಲೆಯ ಸಹಾಯಕರೂ ಆಗುವರು. ಉಳಿದವರು ಎಂದಾದರೊಂದು ದಿನ ಆ ಮೇಜಿನ ಈಚೆಗೆ ಕುಳಿತು ಬೆರಳು ಚಾಚುವರು. ಆ ಹನಿ ರಕ್ತದ ಹಿಂದೆ ಒಬ್ಬ ಮನುಷ್ಯನಿರುವನೆಂಬುದನ್ನು ಮೇಜಿನ ಎರಡು ಕಡೆಯವರೂ ಮರೆಯದಿರಲಿ.