ಹತ್ತು ನಿಮಿಷದ ಆನ್‌ಲೈನ್ ಡೆಮೊ ಕ್ಲಾಸ್: ಸಿದ್ಧತೆ ಹೇಗೆ?

ಖಾಸಗಿ ಶಾಲೆಗಳ ಶಿಕ್ಷಕ ಹುದ್ದೆಗೆ ಸಂದರ್ಶನದ ಮೊದಲ ಸುತ್ತು ಈಗ ಗೂಗಲ್ ಮೀಟ್ ಅಥವಾ ಜೂಮ್‌ನಲ್ಲೇ ನಡೆಯುವುದುಂಟು. ಹತ್ತು ನಿಮಿಷ ಪಾಠ ಮಾಡಿ ತೋರಿಸಿ ಎನ್ನುತ್ತಾರೆ. ಬಿ.ಇಡಿ.ಯಲ್ಲಿ ಬರೆದ ಪಾಠಯೋಜನೆ ಇಡೀ ಪೀರಿಯಡ್‌ಗೆ ಸಾಕಾಗುವಂಥದ್ದು. ಅದನ್ನೇ ಹತ್ತು ನಿಮಿಷದಲ್ಲಿ ಓಡಿಸಲು ಹೋಗಬೇಡಿ.

ಮೊದಲು ಶಾಲೆಗೆ ಫೋನ್ ಮಾಡಿ ಕೇಳಿಕೊಳ್ಳಿ: ಯಾವ ತರಗತಿ, ಯಾವ ಮಾಧ್ಯಮ, ರಾಜ್ಯ ಪಠ್ಯಕ್ರಮವೋ ಸಿಬಿಎಸ್‌ಇಯೋ, ಎದುರಿಗೆ ಮಕ್ಕಳಿರುತ್ತಾರೋ ಇಲ್ಲ ಹಿರಿಯ ಶಿಕ್ಷಕರೇ ಮಕ್ಕಳ ಜಾಗದಲ್ಲಿ ಕೂರುತ್ತಾರೋ.

ನಂತರ ಅಧ್ಯಾಯದಿಂದ ಒಂದೇ ಒಂದು ಪರಿಕಲ್ಪನೆ ಆರಿಸಿ. ಆಮ್ಲ, ಪ್ರತ್ಯಾಮ್ಲಗಳ ಪಾಠವಾದರೆ ಸೂಚಕ ಎಂದರೇನು ಎಂಬಷ್ಟೇ ಸಾಕು. ಬಿಳಿ ಕಾಗದಕ್ಕೆ ಅರಿಶಿನದ ನೀರು ಹಚ್ಚಿ ಒಣಗಿಸಿಟ್ಟುಕೊಳ್ಳಿ. ಅದನ್ನು ಕ್ಯಾಮೆರಾ ಹತ್ತಿರ ಹಿಡಿದು, "ಇದರ ಮೇಲೆ ಸೋಪಿನ ನೀರು ಬಿದ್ದರೆ ಏನಾಗುತ್ತೆ?" ಎಂದು ಕೇಳಿ. ಉತ್ತರ ಬರುವವರೆಗೂ ಕಾಯಿರಿ. ಆ ಮೌನಕ್ಕೆ ಹೆದರಿ ನೀವೇ ಉತ್ತರ ಹೇಳಿಬಿಡಬೇಡಿ. ಆಮೇಲೆ ಒಂದು ಹನಿ ಹಾಕಿ. ಹಳದಿ ಕೆಂಪಾಗುವುದು ಪರದೆಯಲ್ಲೂ ಚೆನ್ನಾಗಿ ಕಾಣುತ್ತದೆ. ಪಕ್ಕದಲ್ಲೇ ನಿಂಬೆರಸ ಹಾಕಿದರೆ ಹಳದಿ ಹಳದಿಯಾಗಿಯೇ ಉಳಿಯುತ್ತದೆ. ಆರತಿ ತಟ್ಟೆಯ ಅರಿಶಿನದ ನೀರು ಸುಣ್ಣ ಬೆರೆಸಿದ ಕೂಡಲೇ ಕೆಂಪಾಗುವುದೂ ಸೋಪಿನ ನೀರಿನಂತೆ ಸುಣ್ಣವೂ ಪ್ರತ್ಯಾಮ್ಲವಾದ್ದರಿಂದಲೇ ಎಂದು ಹೇಳಿ. ಇಷ್ಟಕ್ಕೆ ಆರೇಳು ನಿಮಿಷ ಬೇಕು. ಸ್ಲೈಡ್ ಎರಡೋ ಮೂರೋ ಇರಲಿ, ಅದನ್ನು ಓದಿ ಹೇಳುವುದು ಮಾತ್ರ ಬೇಡ.

ಕೊನೆಗೆ "ಅರ್ಥ ಆಯ್ತಾ?" ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಬದಲಿಗೆ "ಅಡುಗೆ ಸೋಡಾದ ನೀರು ಹಾಕಿದರೆ?" ಎಂದು ಕೇಳಿ. ಕಲಿತಿದ್ದಾರೋ ಇಲ್ಲವೋ ಆಗ ಗೊತ್ತಾಗುತ್ತದೆ.

ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ಕುಳಿತು, ಲ್ಯಾಪ್‌ಟಾಪನ್ನು ಕಣ್ಣಿನ ಮಟ್ಟಕ್ಕೆ ಎತ್ತರಿಸಿಕೊಳ್ಳಿ. ಮೈಕ್ ಇರುವ ಇಯರ್‌ಫೋನ್ ಹಾಕಿಕೊಳ್ಳಿ. ನೀವು ಹಿಡಿದ ಬರಹ ನಿಮ್ಮ ಪರದೆಯಲ್ಲಿ ತಿರುಗುಮುರುಗಾಗಿ ಕಂಡರೆ ಗಾಬರಿ ಬೇಡ, ಎದುರಿನವರಿಗೆ ಅದು ನೇರವಾಗಿಯೇ ಕಾಣುತ್ತದೆ. ಕರೆಂಟ್ ಹೋದರೆ ಇರಲಿ ಎಂದು ಮೊಬೈಲ್ ಹಾಟ್‌ಸ್ಪಾಟ್ ಸಿದ್ಧವಿರಲಿ. ಸ್ಲೈಡ್‌ಗಳನ್ನು ಮೊದಲೇ ಇಮೇಲ್ ಮಾಡಿಬಿಡಿ. ಹಿಂದಿನ ದಿನ ಸ್ನೇಹಿತರೊಬ್ಬರನ್ನು ಅದೇ ಆ್ಯಪ್‌ನಲ್ಲಿ ಕೂರಿಸಿಕೊಂಡು, ಗಡಿಯಾರ ನೋಡಿಕೊಂಡು ಪೂರ್ತಿ ಪಾಠ ಮಾಡಿ.

ಪಾಠ ಮುಗಿದ ಮೇಲೆ "ಒಂದು ಮಗುವಿಗೆ ಇಷ್ಟಾದರೂ ಅರ್ಥವಾಗದಿದ್ದರೆ?" ಎಂಬ ಪ್ರಶ್ನೆ ಬರಬಹುದು. ಆ ಮಗುವಿಗೆ ಇದೇ ವಿಷಯವನ್ನು ಬೇರೆ ಯಾವ ರೀತಿ ಹೇಳಿಕೊಡುತ್ತೀರಿ ಎಂದು ಈಗಲೇ ಯೋಚಿಸಿಟ್ಟುಕೊಳ್ಳಿ.