ಐದು ವರ್ಷದ ಪಾಲಿಸಿ, ಒಂದೇ ವರ್ಷದ ರಕ್ಷಣೆ

ಗಾಲಿ ಪೂರ್ತಿ ಒಂದು ಸುತ್ತೂ ತಿರುಗಿರಲಿಲ್ಲ, ರಿಪೇರಿ ಬಿಲ್ಲು 6,480 ರೂಪಾಯಿ ಆಯಿತು.

2025ರ ಸಂಕ್ರಾಂತಿಗೆ ನಮ್ಮ ಮನೆಯವರೆಲ್ಲ ಕೂಡಲಸಂಗಮಕ್ಕೆ ಹೋಗಿದ್ದೆವು. ಕೃಷ್ಣೆ, ಮಲಪ್ರಭೆ ಕೂಡುವಲ್ಲಿ ಅಂದು ಸ್ನಾನಕ್ಕೆ ಬರುವವರ ದಟ್ಟಣೆ ಈ ಕಡೆಯವರಿಗೆಲ್ಲ ಗೊತ್ತು. ಗಾಡಿ ನಿಲ್ಲಿಸಲು ಸಿಕ್ಕಿದ್ದೇ ಜಾಗ. ಇಳಕಲ್ಲಿನ ಗ್ರಾನೈಟ್ ಘಟಕವೊಂದರಲ್ಲಿ ದುಡಿಯುವ ಅಣ್ಣನ ಮಗ, ಕಳ್ಳರ ಭಯಕ್ಕೆ ಬೈಕಿನ ಮುಂದಿನ ಡಿಸ್ಕಿಗೆ ಬೀಗ ಜಡಿದು ಬಂದ. ಸಂಗಮನಾಥನ ದರ್ಶನವಾಯಿತು, ಮೆಟ್ಟಿಲಿಳಿದು ಐಕ್ಯ ಮಂಟಪ ನೋಡಿದ್ದಾಯಿತು, ಕಟ್ಟಿಕೊಂಡು ಹೋದ ಬುತ್ತಿ ಉಂಡೂ ಆಯಿತು. ಸಂಜೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಗೇರು ಹಾಕಿ ಎಕ್ಸಲೇಟರ್ ತಿರುವಿದ. ಬೀಗ ಹೋಗಿ ಕ್ಯಾಲಿಪರಿಗೆ ಬಡಿಯಿತು, ಗಾಲಿ ಕಚ್ಚಿಕೊಂಡಿತು, ಗಾಡಿ ಎಡಕ್ಕೆ ಉರುಳಿತು. ಇಬ್ಬರಿಗೂ ಮೊಣಕಾಲು ತರಚಿದ್ದು ಬಿಟ್ಟರೆ ದೇವರ ದಯೆ.

ಗಾಡಿ ಎತ್ತಿ ನಿಲ್ಲಿಸುತ್ತಲೇ ಹುಡುಗ ಹೇಳಿದ: “ಕಾಕಾ, ಖರ್ಚಿನ ಚಿಂತಿ ಬ್ಯಾಡ. ತಗೊಂಡಾಗನ ಐದು ವರ್ಷದ ಇನ್ಸೂರೆನ್ಸ್ ಮಾಡಿಸೀನಿ.”

ಮನೆಗೆ ಬಂದು ಕಾಗದ ತೆಗೆಸಿ ನೋಡಿದೆ. ಗಾಡಿ ಕೊಂಡದ್ದು 2022ರ ಆಗಸ್ಟಿನಲ್ಲಿ. ಥರ್ಡ್ ಪಾರ್ಟಿ 2027ರ ಆಗಸ್ಟಿನವರೆಗೆ ಇದೆ. ಸ್ವಂತ ಗಾಡಿಯ ಹಾನಿ ತುಂಬುವ ಓನ್ ಡ್ಯಾಮೇಜ್ 2023ರ ಆಗಸ್ಟಿನಲ್ಲೇ ಮುಗಿದಿದೆ. “ತಮ್ಮಾ, ಈಗ ಉಳಿದಿರೂದು ನೀ ಯಾರಿಗರೆ ಹಾಯಿಸಿದ್ರ ಅವರಿಗೆ ಕೊಡೂ ರೊಕ್ಕ. ನಿನ್ನ ಗಾಡಿಗೆ ಒಂದು ಪೈಸಾನೂ ಬರೂದಿಲ್ಲ” ಎಂದೆ. ಅವನ ಮುಖ ಇಳಿದುಹೋಯಿತು. ನವೀಕರಿಸಿ ಎಂದು ಫೋನ್ ಬಂದಿತ್ತಂತೆ. ಐದು ವರ್ಷದ್ದು ಇರುವಾಗ ಮತ್ತೇಕೆ ದುಡ್ಡು ಎಂದು ಮನೆಯವರೆಲ್ಲ ಕೂಡಿಯೇ ಬೇಡವೆಂದಿದ್ದರಂತೆ.

ಈ ಗೊಂದಲ ಆ ಒಂದು ಮನೆಯದಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ಕಡ್ಡಾಯವಾಯಿತು. ರಸ್ತೆಯಲ್ಲಿ ಪೆಟ್ಟು ತಿಂದವರಿಗೆ ಪರಿಹಾರ ತಪ್ಪಬಾರದೆಂಬ ಒಳ್ಳೆಯ ಉದ್ದೇಶ ಅದು. ಆದರೆ ಶೋರೂಮಿನಲ್ಲಿ ಅದರ ಜೊತೆಗೆ ಸಾಮಾನ್ಯವಾಗಿ ಒಂದೇ ವರ್ಷದ ಓನ್ ಡ್ಯಾಮೇಜ್ ಹೊಲಿದು ಕೊಡುತ್ತಾರೆ. ಕಾಗದ ಒಂದೇ, ಮುಗಿಯುವ ತಾರೀಖು ಎರಡು. ಗಿರಾಕಿಯ ಕಣ್ಣಿಗೆ ಬೀಳುವುದು ದೂರದ ತಾರೀಖು.

ಆ 6,480ರ ಲೆಕ್ಕಕ್ಕೆ ಬರೋಣ. ವಿಮೆ ಇದ್ದಿದ್ದರೆ ಎಷ್ಟು ಉಳಿಯುತ್ತಿತ್ತು ಎಂದು ಎಲ್ಲರೂ ಕೇಳಿದರು. ಕೂತು ಪೂರ್ತಿ ಲೆಕ್ಕ ಹಾಕಿದೆ.

ಡಿಸ್ಕ್ ಪ್ಲೇಟು 1,900. ಫೋರ್ಕಿನ ಕೆಳಭಾಗ 1,750. ಲಿವರ್ 200. ಮೂರೂ ಲೋಹ, ಒಟ್ಟು 3,850. ಎರಡರಿಂದ ಮೂರು ವರ್ಷದೊಳಗಿನ ಗಾಡಿಯ ಲೋಹಕ್ಕೆ ಸವಕಳಿ ಶೇ. 15, ಅಂದರೆ 578 ಕಡಿತ. ಮಡ್ಗಾರ್ಡ್ 650, ಇಂಡಿಕೇಟರ್ ಮತ್ತಿತರ ಪ್ಲಾಸ್ಟಿಕ್ 480, ಒಟ್ಟು 1,130. ಪ್ಲಾಸ್ಟಿಕ್ಕಿಗೆ ಸವಕಳಿ ನೇರ ಅರ್ಧ, 565 ಕಡಿತ. ಕೂಲಿ 1,500, ಅದಕ್ಕೆ ಸವಕಳಿ ಇಲ್ಲ. ಕಡ್ಡಾಯವಾಗಿ ನಮ್ಮ ಪಾಲಿಗೆ ಬರುವ 100 ರೂಪಾಯಿ ಕಳೆಯಿರಿ. ವಿಮೆಯಿಂದ ಬರುತ್ತಿದ್ದದ್ದು ಸುಮಾರು 5,237.

ಮುಗಿಯಲಿಲ್ಲ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಸೊನ್ನೆಗೆ ಇಳಿಯುತ್ತದೆ. 2025ರ ನವೀಕರಣದಲ್ಲಿ ಶೇ. 35 ರಿಯಾಯಿತಿ ಸಿಗಬೇಕಾದಲ್ಲಿ ಏನೂ ಇಲ್ಲ, ಅದರ ಮರುವರ್ಷ ಶೇ. 45ರ ಬದಲು 20. ಗಾಡಿಯ ಬೆಲೆ ಇಳಿಯುತ್ತ ಹೋಗುವುದನ್ನೂ ಜಿಎಸ್‌ಟಿಯನ್ನೂ ಹಿಡಿದು ಲೆಕ್ಕ ಹಾಕಿದರೆ ಮುಂದಿನ ಕೆಲವು ವರ್ಷಗಳಲ್ಲಿ ಹೀಗೆ ಕೈತಪ್ಪುವುದು ಸುಮಾರು 1,200. ನಿಜವಾದ ಲಾಭ ನಾಲ್ಕು ಸಾವಿರದ ಆಸುಪಾಸಿಗೆ ಬಂತು. ಇನ್ನು ಎರಡು ವರ್ಷ ಕಟ್ಟದೆ ಉಳಿಸಿದ ಪ್ರೀಮಿಯಂ: ಮೊದಲ ವರ್ಷ 1,520, ಎರಡನೆಯದು 1,250, ಒಟ್ಟು 2,770. ನಾಲ್ಕು ಸಾವಿರದಿಂದ ಅದನ್ನು ಕಳೆದರೆ ಉಳಿಯುವುದು 1,200 ಚಿಲ್ಲರೆ.

ಇಷ್ಟೇ! ಬಿದ್ದು, ಕ್ಲೇಮ್ ಮಾಡಿ, ಸರ್ವೇಯರ್ ಬರುವವರೆಗೆ ಕಾದು, ಆ ದಿನಗಳ ಕೂಲಿ ಕಳೆದುಕೊಂಡು ಸಿಗುವ ಲಾಭ ಇಷ್ಟೇ. ಬೀಳದೇ ಇದ್ದಿದ್ದರೆ 2,770 ಉಳಿತಾಯವೇ ಆಗುತ್ತಿತ್ತು. ಹಾಗಾದರೆ ಓನ್ ಡ್ಯಾಮೇಜ್ ಬಿಟ್ಟದ್ದು ಸರಿಯೇ ಆಯಿತಲ್ಲ ಎಂದು ಅಣ್ಣ ಕೇಳಿದ.

ಅಲ್ಲ. ಲೆಕ್ಕದ ನಿಜವಾದ ಸಾಲು ಬಿಲ್ಲಿನಲ್ಲಿ ಇರಲೇ ಇಲ್ಲ. ಕಳವಿಗೆ ಪರಿಹಾರ ಬರುವುದು ಓನ್ ಡ್ಯಾಮೇಜಿನಿಂದ, ಥರ್ಡ್ ಪಾರ್ಟಿಯಿಂದಲ್ಲ. 1,20,000ದ ಗಾಡಿ, ಶೇ. 30 ಸವಕಳಿ ಕಳೆದು ಐಡಿವಿ, ಅಂದರೆ ವಿಮೆಯವರು ಹಿಡಿಯುವ ಗಾಡಿಯ ಬೆಲೆ, 84,000. ಹುಡುಗ ಬೀಗ ಹಾಕಿದ್ದೇ ಕಳ್ಳರ ಭಯಕ್ಕೆ. ಆ ಭಯಕ್ಕೆ ಇದ್ದ ಗಟ್ಟಿ ಉತ್ತರವನ್ನು ವರ್ಷಕ್ಕೆ 1,250 ಮತ್ತೇಕೆಂದು ಬಿಟ್ಟು, ಅಂಗೈಯಷ್ಟು ಕಬ್ಬಿಣದ ಮೇಲೆ ಪೂರ್ತಿ 84,000 ನಿಲ್ಲಿಸಿದ್ದ. ಡಿಸ್ಕ್ ಬೀಗ ಗಾಲಿ ತಿರುಗದಂತೆ ತಡೆಯುತ್ತದೆ. ಇಬ್ಬರು ಮೂವರು ಸೇರಿ ಗಾಡಿ ಎತ್ತಿ ಟೆಂಪೋಕ್ಕೆ ಹಾಕಿಕೊಂಡರೆ ಅದು ಏನು ಮಾಡೀತು? ಬೀಗ ಬೇಕು, ಅದು ಕಳ್ಳನಿಗೆ ತಡ ಮಾಡಿಸುತ್ತದೆ. ದುಡ್ಡು ಮರಳಿ ತಂದುಕೊಡುವುದು ಪಾಲಿಸಿ ಮಾತ್ರ.

ಇನ್ನೂ ದೊಡ್ಡ ಸಂಗತಿ ಹಿಂದೆ ಕೂತಿದ್ದ ಹೆಣ್ಣುಮಗಳದು. ಬರೀ ಕಾನೂನಿನ ಕಡ್ಡಾಯಕ್ಕೆ ಮಾಡಿಸಿದ ಪಾಲಿಸಿಯಲ್ಲಿ ಬೈಕಿನ ಹಿಂಬದಿ ಸವಾರರಿಗೆ ರಕ್ಷಣೆ ಇಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಮಡದಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿ 50ರಲ್ಲಿ ಗ್ರಾನೈಟ್ ಲಾರಿಗಳ ನಡುವೆ ಹೋಗುವವರು ಇದನ್ನು ಓದಿ ಸುಮ್ಮನೆ ಕೂರಬಾರದು, ತಮ್ಮ ಪಾಲಿಸಿಯಲ್ಲಿ ಹಿಂಬದಿ ಸವಾರರಿಗೆ ರಕ್ಷಣೆ ಇದೆಯೇ ಎಂದು ಕೇಳಿ ತಿಳಿಯಬೇಕು.

ಹಾಗೆಂದು ಶೋರೂಮಿನವರು ಜೋಡಿಸುವುದನ್ನೆಲ್ಲ ಕೊಳ್ಳಿ ಎನ್ನುತ್ತಿಲ್ಲ. ಜೀರೋ ಡೆಪ್ರಿಸಿಯೇಷನ್, ಕೀ ಪ್ರೊಟೆಕ್ಷನ್, ರೋಡ್‌ಸೈಡ್ ಅಸಿಸ್ಟೆನ್ಸ್ ಎಂದು ಸಾಲಾಗಿ ಟಿಕ್ ಹಾಕಿ ಕೊಡುವ ಪ್ಯಾಕೇಜಿನ ಮೇಲೆ ನನಗೆ ಎಳ್ಳಷ್ಟೂ ನಂಬಿಕೆ ಇಲ್ಲ. ಮೇಲಿನ ಬಿಲ್ಲಿನಲ್ಲಿ ಜೀರೋ ಡೆಪ್ ಉಳಿಸುತ್ತಿದ್ದದ್ದು ಸವಕಳಿಯ 1,143 ರೂಪಾಯಿ. ಅದಕ್ಕಾಗಿ ವರ್ಷ ವರ್ಷ ದುಡ್ಡು ಕಟ್ಟಬೇಕೆ? ಕೀಲಿ ಕಳೆದರೆ ಇನ್ನೊಂದು ಮಾಡಿಸಿಕೊಳ್ಳಲು ವಿಮೆ ಯಾಕೆ ಬೇಕು? ಗಾಡಿ ಕೆಟ್ಟರೆ ಹುನಗುಂದದ ಮೆಕ್ಯಾನಿಕ್ ಬರುವಷ್ಟು ಬೇಗ ಯಾವ ಕಾಲ್ ಸೆಂಟರೂ ಬರುವುದಿಲ್ಲ. ಅವಶ್ಯವಿರುವ ಓನ್ ಡ್ಯಾಮೇಜ್ ಎರಡನೇ ವರ್ಷಕ್ಕೆ ಸದ್ದಿಲ್ಲದೆ ಕಳಚಿಕೊಳ್ಳುತ್ತದೆ, ಅವಶ್ಯವಿಲ್ಲದ್ದು ಮೊದಲ ದಿನವೇ ಬಿಲ್ಲಿಗೆ ಅಂಟಿಕೊಳ್ಳುತ್ತದೆ. ಮಾರುವವರು ಎರಡು ತಾರೀಖನ್ನು ಬಾಯಿಬಿಟ್ಟು ಹೇಳಿದರೆ ಅವರ ಗಂಟೇನು ಹೋಗುತ್ತದೆ?

ಈಗ ಮಾಡಬೇಕಾದದ್ದು. 2019ರಿಂದ ಓನ್ ಡ್ಯಾಮೇಜನ್ನು ಪ್ರತ್ಯೇಕವಾಗಿಯೇ ಕೊಳ್ಳಬಹುದು, ಶೋರೂಮಿಗೇ ಹೋಗಬೇಕಿಲ್ಲ. ನಡುವೆ ಬಿಟ್ಟುಹೋಗಿದ್ದರೆ ಗಾಡಿಯ ತಪಾಸಣೆ ಕೇಳುತ್ತಾರೆ. ತೊಂಬತ್ತು ದಿನ ಮೀರಿದರೆ ಕೂಡಿಟ್ಟ ಬೋನಸ್ ಹೋಗುತ್ತದೆ. ಕಳವಾದರೆ ಮೊದಲು ಪೊಲೀಸ್ ಠಾಣೆಗೆ ಓಡಿ ಎಫ್‌ಐಆರ್ ಮಾಡಿಸಿ. ಎಫ್‌ಐಆರ್ ತಕ್ಷಣ ಆಗಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತು ಎಂಬ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದೆ. ಎರಡೂ ಕೀಲಿ ಜೋಪಾನವಾಗಿರಲಿ, ಕ್ಲೇಮಿನ ಹೊತ್ತಿಗೆ ಕೇಳುತ್ತಾರೆ. ಗಾಡಿ ಹತ್ತು ವರ್ಷ ದಾಟಿ ಐಡಿವಿ ಹದಿನೈದು ಸಾವಿರಕ್ಕೆ ಇಳಿದಿದ್ದರೆ ಓನ್ ಡ್ಯಾಮೇಜ್ ಬಿಟ್ಟರೂ ನಡೆದೀತು.

ಸಣ್ಣ ಪೆಟ್ಟಿಗೆ ವಿಮೆಯ ಬಾಗಿಲು ತಟ್ಟುವ ಚಟ ಬಿಡಬೇಕು. ಬೆವರು ಸುರಿಸಿ ದುಡಿದವರು ತಿಂಗಳಿಗೆ ಇನ್ನೂರು ರೂಪಾಯಿ ಗಾಡಿಯ ಹೆಸರಿನಲ್ಲಿ ತೆಗೆದಿಟ್ಟರೆ ವರ್ಷಕ್ಕೆ 2,400 ಆಗುತ್ತದೆ. ಲಿವರ್, ಇಂಡಿಕೇಟರ್, ಟ್ಯೂಬು, ಸರ್ವಿಸ್ ಎಲ್ಲಕ್ಕೂ ಅದೇ ಸಾಕು. ಹಾಗೆಯೇ ಬೀಗದ ಜೊತೆ ಬರುವ ಸುರುಳಿ ತಂತಿಯನ್ನು ಪೆಟ್ಟಿಗೆಯಲ್ಲೇ ಬಿಡಬೇಡಿ. ಬೀಗದಿಂದ ಎಕ್ಸಲೇಟರ್ ಹಿಡಿಕೆಗೆ ಅದನ್ನು ಸಿಕ್ಕಿಸಿದರೆ ಕೈ ಇಡುವಾಗಲೇ ನೆನಪಾಗುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಬೈಕಿಗೆಲ್ಲ ಎಬಿಎಸ್ ಕಡ್ಡಾಯವಾದ ಮೇಲೆ ಊರೂರಲ್ಲೂ ಡಿಸ್ಕ್ ಬ್ರೇಕಿನ ಗಾಡಿಗಳೇ. ಡಿಸ್ಕಿನ ಬೀಗವೂ ಮನೆ ಮನೆಗೆ ಬಂತು. ತಂತಿ ಕಟ್ಟುವ ಅಭ್ಯಾಸ ಮಾತ್ರ ಬರಲಿಲ್ಲ. ಅವಸರದ ಮನೆಯಲ್ಲಿ ಯಾವ ಉಳಿತಾಯವೂ ನಿಲ್ಲುವುದಿಲ್ಲ; ಗಾಡಿ ಹತ್ತುವ ಮೊದಲು ಒಂದು ಸುತ್ತು ಹಾಕಿ ನೋಡುವವನು ಪಾಲಿಸಿಯ ಕಾಗದಕ್ಕೆ ಸಹಿ ಹಾಕುವ ಮೊದಲೂ ಒಮ್ಮೆ ಓದುತ್ತಾನೆ.

ಅಣ್ಣನ ಮಗನ ಗಾಡಿಗೆ ಮರುವಾರವೇ ತಪಾಸಣೆ ಮಾಡಿಸಿ ಓನ್ ಡ್ಯಾಮೇಜ್ ತೆಗೆಸಿದೆವು. ಬೋನಸ್ ಇಲ್ಲದ್ದಕ್ಕೆ 1,660 ರೂಪಾಯಿ ಹತ್ತಿತು, ಅದನ್ನು ಕಟ್ಟಲು ಯಾರೂ ಹಿಂದೆಮುಂದೆ ನೋಡಲಿಲ್ಲ. ನಿಮ್ಮ ಮನೆಯ ಗಾಡಿಯ ಪಾಲಿಸಿಯಲ್ಲಿ ಎರಡು ತಾರೀಖಿರುತ್ತವೆ. ಹತ್ತಿರದ್ದನ್ನು ಇವತ್ತೇ ಹುಡುಕಿ ಕ್ಯಾಲೆಂಡರಿನಲ್ಲಿ ಬರೆದಿಡಿ.